ಯಾವ ಕಿವಿ?

ದುರ್ಗಿಗುಡಿಯ ನಮ್ಮ ಹಿಟ್ಟಿನ ಗಿರಣಿಯಲ್ಲಿ
ಎಲ್ಲರೂ ಕಿವುಡರೇ.
ಬೆಲ್ಟು ತಿರುಗತೊಡಗಿದರೆ
ಹೆಡ್ಮಾಸ್ಟರೂ ಎರಡು ಬೆರಳು ಉಜ್ಜಿ ತೋರಿಸುತ್ತಾರೆ: ನುಣ್ಣಗೆ.
ಅಂಗೈ ಅಲುಗಿಸಿದರೆ ತರಿ, ಉಪ್ಪಿಟ್ಟಿಗೆ.
ಇಪ್ಪತ್ತಾರು ವರ್ಷ ನಾನಿಲ್ಲಿ
ಯಾರಿಗೂ ಕಡಿಮೆಯಿಲ್ಲದೆ ನಿಂತಿದ್ದೇನೆ.
ಕಾಳು ತೀರಿ ಕಲ್ಲು ಬರಿದೇ ಉರುಳಿದರೆ
ನನಗೆ ಹಿಮ್ಮಡಿಯಲ್ಲಿ ಗೊತ್ತಾಗುತ್ತದೆ,
ಕೇಳುವವರಿಗಿಂತ ಒಂದು ಗಳಿಗೆ ಮೊದಲೇ.

ಕಷ್ಟವೆಲ್ಲ ಸ್ವಿಚ್ಚು ಆರಿಸಿದ ಮೇಲೆ.

ರಸ್ತೆಗಿಳಿದರೆ ಅವರವರು ಅವರವರ ಕಿವಿಗೆ ಮರಳುತ್ತಾರೆ,
ನಾನು ಅವರ ತುಟಿಗೆ.
ತುಟಿ ಅರ್ಧ ಮಾತ್ರ ಹೇಳುತ್ತದೆ.
ಪಾಪ, ಬಾಬಾ, ಮಾಮಾ
ಮೂರಕ್ಕೂ ಒಂದೇ ತರ ಕೂಡಿ, ಒಂದೇ ತರ ಬಿಡುತ್ತದೆ.
ಆದರೂ ಪಾಪ ಅಂದದ್ದು ತಪ್ಪದೆ ತಿಳಿಯುತ್ತದೆ:
ಅದನ್ನು ಕಣ್ಣಲ್ಲಿ ಅನ್ನುತ್ತಾರೆ.

ಹಾಲಸ್ವಾಮಿ ಮೀಸೆ ತೆಗೆಸಿದ್ದು ನನಗಾಗಿ.
ಮದುವೆ ಫೋಟೋದಲ್ಲಿ ಅವರಿಗಿಂತ ಮುಂದೆ ಬಂದ ಮೀಸೆ.
ಬೋಳು ತುಟಿಯಿಂದ ಮೊದಲು ಅಂದದ್ದು
‘ಕಾಫಿ ಆಯ್ತಾ?’
ಅಷ್ಟಕ್ಕೇ ಅತ್ತುಬಿಟ್ಟೆ.

ನಮ್ಮ ಮಾತಿನಲ್ಲಿ
ಕೇಳುವುದಕ್ಕೂ ಕೇಳುವುದೇ, ಕೇಳುವುದಕ್ಕೂ ಕೇಳುವುದೇ.
ಒಂದು ಹೋದರೆ ಇನ್ನೊಂದೂ ಮೆಲ್ಲಗೆ ಎದ್ದು ಹೋಗುತ್ತದೆ.
ಎಷ್ಟಕ್ಕೆ ತಂದೆ, ಯಾಕೆ ನಕ್ಕಿರಿ, ತೀರಿಕೊಂಡದ್ದು ಯಾರು,
ಎಲ್ಲ ಬಿಟ್ಟೆ.
‘ಏನಿಲ್ಲ ಬಿಡು’ ಅನ್ನುವ ತುಟಿಯನ್ನು
ಕತ್ತಲಲ್ಲೂ ಓದಬಲ್ಲೆ.
ಗೋಡೆಗೂ ಕಿವಿ ಇದೆಯಂತೆ.
ಕಡ ಕೊಡುತ್ತದಾ, ಅದನ್ನೂ ಕೇಳಲಿಲ್ಲ.

ಸಾಗರ ರಸ್ತೆಯ ಆಸ್ಪತ್ರೆಯ ಹುಡುಗಿ ಮಾಸ್ಕು ಇಳಿಸಿ
ಹಾಳೆಯ ಮೇಲೆ ಒಂದು ಬಸವನಹುಳು ಬರೆದಳು.
ಅದರ ಸುರುಳಿಯೊಳಗೆ ತಂತಿ.
ಬಲಗಿವಿ ಹನ್ನೊಂದು ವರ್ಷದಿಂದ ಬೀಗ, ಎಡಕ್ಕೇ ಮಾಡುವುದು ವಾಸಿ,
ಎಡದಲ್ಲಿ ಈಗಿರುವುದು ಉಳಿಯುತ್ತದೆ ಅನ್ನಲಾರೆ.
ಈಗಿರುವುದಾದರೂ ಏನು? ಜರಡಿಯ ಮೇಲಿನ ತೌಡು:
ಗುಡುಗು, ಲಾರಿ, ದಢಾರನೆ ಬಾಗಿಲು,
ರಾತ್ರಿ ಪಕ್ಕದಲ್ಲಿ ಒಂದು ಕೆಮ್ಮು.
ಮೊದಮೊದಲು ಮಾತು ಮಾತಿನಂತಿರುವುದಿಲ್ಲ,
ತಗಡಿನ ಮೇಲೆ ಸಾಸಿವೆ ಚೆಲ್ಲಿದಂತೆ ಅಂದವರೂ ಇದ್ದಾರೆ,
ಮಿದುಳು ಕಲಿಯಬೇಕು, ತಿಂಗಳುಗಟ್ಟಲೆ.
ಐವತ್ಮೂರಕ್ಕೆ ಬಾಲವಾಡಿ.
ತಲೆಯ ಚರ್ಮದಡಿ ಅಯಸ್ಕಾಂತವಂತೆ.
ಗೋಧಿಯೊಳಗಿನ ಮೊಳೆ ಹಿಡಿಯಲು
ಗಿರಣಿಯ ಬಾಯಿಗೆ ಒಂದು ಕಟ್ಟಿದ್ದೇನೆ,
ನನ್ನೊಳಗೆ ಏನು ಹಿಡಿಯುತ್ತದೋ.

ಇಲಿಯಾಸ್ ನಗರದ ಮುಬೀನಾಗೆ ಎಂಟು ವರ್ಷ,
ಅವಳಿಗೆ ಎರಡರಲ್ಲೇ ಆಗಿದೆ.
ತಾಯಿಯ ರಾಗಿ ಡಬ್ಬದ ಹಿಂದೆ ಬರುತ್ತಾಳೆ,
ಹೊಸ್ತಿಲಲ್ಲೇ ಕೂದಲೊಳಗಿಂದ ಬಿಲ್ಲೆ ಕಿತ್ತು ಜೇಬಿಗಿಟ್ಟು
ನನ್ನ ನೋಡಿ ನಗುತ್ತಾಳೆ.
ಹೋಗುವಾಗ ಮತ್ತೆ ಹಚ್ಚಿಕೊಳ್ಳುತ್ತಾಳೆ,
ಹೇರ್‌ಪಿನ್ನು ಸಿಕ್ಕಿಸಿಕೊಂಡಷ್ಟು ಸಲೀಸು.
ನಿನ್ನೆ ನಿಲ್ಲಿಸಿ ಕೇಳಿದೆ
(ಎಷ್ಟು ಕಾಲವಾಗಿತ್ತು ಯಾರನ್ನಾದರೂ ಏನಾದರೂ ಕೇಳಿ):
ಅದರಲ್ಲಿ ನಿನಗೆ ಸೇರದ ಸದ್ದು ಯಾವುದೇ?
ಯೋಚಿಸಿದಳು. ತುಟಿ ಕೂಡಿತು, ಬಿಟ್ಟಿತು, ಕೂಡಿತು, ಬಿಟ್ಟಿತು.
ಪಾಪ? ಬಾಬಾ?
ನನ್ನ ಮುಖ ನೋಡಿ, ಕಣ್ಣು ಮುಚ್ಚಿ,
ಹೊಟ್ಟೆ ಉಬ್ಬಿಸಿ ಬಾಯಿ ತೆರೆದಳು:
ಮಾಮಾನ ಗೊರಕೆ.

ಫಾರಮ್ಮು ಗಲ್ಲಾಪೆಟ್ಟಿಗೆಯಲ್ಲಿದೆ, ಮೇಲೆ ಹಿಟ್ಟಿನ ಬೆರಳು.
ಯಾವ ಕಿವಿ ಎಂಬಲ್ಲಿ ಖಾಲಿ ಗೆರೆ.
ಇವತ್ತು ಸ್ವಿಚ್ಚು ಆರಿಸಿ
ಎಡಗಿವಿಯನ್ನು ಕಂಬಕ್ಕೆ ಆನಿಸಿ ನಿಂತೆ, ಕಲ್ಲು ನಿಲ್ಲುವವರೆಗೆ.
ದಪ್ಪಗಿದ್ದದ್ದು ತೆಳುವಾಗಿ, ಇನ್ನೂ ತೆಳುವಾಗಿ,
ಎಲ್ಲಿ ಮುಗಿಯಿತೋ ಹೇಳಲಾರೆ.

ಷಟರ್ ಎಳೆಯುತ್ತ ಹಾಲಸ್ವಾಮಿ ಏನೋ ಅಂದರು,
ಅವರ ಬೆನ್ನು ಅಲುಗಿದ್ದು ನೋಡಿದೆ.
ಏನು? ಅಂದೆ.
ತಿರುಗಿದರು. ‘ಏನಿಲ್ಲ’ಕ್ಕೆ ತುಟಿ ಸಿದ್ಧವಾಗಿತ್ತು.
ಇಲ್ಲ, ಹೇಳಿ, ಏನಂದಿರಿ?

ಷಟರನ್ನು ಅರ್ಧದಲ್ಲೇ ಹಿಡಿದು,
ದೀಪದ ಕಡೆ ಮುಖ ಮಾಡಿ,
ಬಿಡಿಸಿ ಬಿಡಿಸಿ ಹೇಳಿದರು:
ನಾಳೆ ಕರೆಂಟು ಇರೋದಿಲ್ಲವಂತೆ.